ಮಿರ್ಜಾನದ ಮತದಾನ ಪರಂಪರೆ

ಅಘನಾಶಿನಿಯ ತೀರದಲ್ಲಿ ಜಂಬಿಟ್ಟಿಗೆಯ ಕೋಟೆಯನ್ನು ಹೊತ್ತು ನಿಂತಿರುವ ಮಿರ್ಜಾನವು, ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಕಾಲದಲ್ಲಿ ಕರಿಮೆಣಸಿನ ವ್ಯಾಪಾರದಿಂದ ಖ್ಯಾತಿವೆತ್ತ ಸ್ಥಳ. ಆದರೆ ತನ್ನನ್ನು ಆಳತಕ್ಕವರು ಯಾರೆಂಬುದನ್ನು ಇಲ್ಲಿನ ಗೇಣಿಯ ರೈತನು ತಾನೇ ನಿರ್ಣಯಿಸುವ ಅಧಿಕಾರವು ಆತನಿಗೆ ಪ್ರಾಪ್ತವಾದದ್ದು ಸ್ವತಂತ್ರ ಭಾರತದ ಪ್ರಥಮ ಮಹಾಚುನಾವಣೆಯಲ್ಲಿ. ಮಿರ್ಜಾನವನ್ನೊಳಗೊಂಡ ಕೆನರಾ ಲೋಕಸಭಾ ಕ್ಷೇತ್ರವು ಅಂದು ಮುಂಬಯಿ ರಾಜ್ಯದಲ್ಲಿತ್ತು. ಒಬ್ಬೊಬ್ಬ ಉಮೇದುವಾರನಿಗೂ ಪ್ರತ್ಯೇಕ ಪೆಟ್ಟಿಗೆ, ಅದರ ಮೇಲೆ ಅವನ ಚಿಹ್ನೆ. ಅಕ್ಷರವರಿಯದವನೂ ಚಿತ್ರವನ್ನು ನೋಡಿ, ಮುದ್ರೆಯೊತ್ತುವ ಗೋಜಿಲ್ಲದೆ ಮತಪತ್ರವನ್ನು ಒಳಗಿಳಿಸುತ್ತಿದ್ದನು.

1952, 1957, 1962ರಲ್ಲಿ ಜಯಶಾಲಿಗಳಾದವರು ಸ್ವಾತಂತ್ರ್ಯಯೋಧರೂ ಪತ್ರಕರ್ತರೂ ಆಗಿದ್ದ ಕಾಂಗ್ರೆಸ್ಸಿನ ಜೋಕಿಂ ಆಳ್ವರು. 1967ರಲ್ಲಾದರೋ, ರೈತರನ್ನು ಸಂಘಟಿಸಿದ್ದಕ್ಕಾಗಿ ಬ್ರಿಟಿಷರ ಕಾಲದಲ್ಲಿ ಜಿಲ್ಲೆಯಿಂದ ಗಡಿಪಾರಾಗಿದ್ದ, 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಸ್ಥಾಪಿಸಿ ಹಳ್ಳಿಯ ಮಕ್ಕಳಿಗೆ ವಿದ್ಯಾದ್ವಾರವನ್ನು ತೆರೆದಿದ್ದ ಚುಟುಕಗಳ ಕವಿ ದಿನಕರ ದೇಸಾಯಿಯವರನ್ನು, ಯಾವ ಪಕ್ಷದ ಬಲವೂ ಇಲ್ಲದಿದ್ದರೂ, ಜನರು ದಿಲ್ಲಿಗೆ ಕಳುಹಿಸಿದರು. ದೊಡ್ಡ ಪಕ್ಷದ ಭದ್ರಕೋಟೆಯನ್ನು ಸೇವೆಯ ಋಣವು ಭೇದಿಸಬಲ್ಲುದೆಂಬುದಕ್ಕೆ ಇದಕ್ಕಿಂತ ಉಜ್ಜ್ವಲವಾದ ನಿದರ್ಶನವು ಈ ಕರಾವಳಿಯಲ್ಲಿ ದುರ್ಲಭ.

1999ರಲ್ಲಿ ಆಳ್ವರ ಸೊಸೆ ಮಾರ್ಗರೆಟ್ ಆಳ್ವರು ಇದೇ ಕ್ಷೇತ್ರದಿಂದ ಆಯ್ಕೆಯಾದರು. ಮಿರ್ಜಾನವು ಸೇರಿರುವ ಕುಮಟಾ ಕ್ಷೇತ್ರದ 2023ರ ವಿಧಾನಸಭಾ ಸ್ಪರ್ಧೆಯಲ್ಲಿ ಅವರ ಪುತ್ರ ನಿವೇದಿತ್ ಆಳ್ವರು ಕಾಂಗ್ರೆಸ್ಸಿನಿಂದ ನಿಂತರಾದರೂ, ನಿಜವಾದ ಹಣಾಹಣಿ ನಡೆದುದು ಭಾಜಪದ ದಿನಕರ ಶೆಟ್ಟಿಯವರಿಗೂ ಜನತಾದಳದ ಸೂರಜ್ ನಾಯ್ಕ ಸೋನಿಯವರಿಗೂ ನಡುವೆ. ಶೆಟ್ಟಿಯವರು ಗೆದ್ದುದು ಕೇವಲ 676 ಮತಗಳಿಂದ. ಮಿರ್ಜಾನದಂಥ ಒಂದೇ ಗ್ರಾಮದ ಮನಸ್ಸು ಇಡೀ ಕ್ಷೇತ್ರದ ಭವಿಷ್ಯವನ್ನು ತಿರುಗಿಸಬಲ್ಲುದೆಂದ ಮೇಲೆ, ಇಲ್ಲಿನ ಒಂದೊಂದು ಮತವೂ ಅಮೂಲ್ಯವೇ ಸರಿ.