ಕಿವಿಗೆ ಬಂದ ಅಕ್ಷರ

ವಿದ್ವಾಂಸನನ್ನು ನಮ್ಮ ಹಿರಿಯರು ‘ಬಹುಶ್ರುತ’ ಎಂದು ಕರೆದರು. ಬಹಳ ಕೇಳಿದವನು ಎಂಬುದೇ ಆ ಮಾತಿನ ನೇರವಾದ ಅರ್ಥ. ಕಾವ್ಯವು ಗಮಕಿಯ ಕಂಠದಿಂದ ಜನರ ಕಿವಿಗೆ ಇಳಿಯುತ್ತಿದ್ದ ಕಾಲದಲ್ಲಿ ಕಣ್ಣಿಲ್ಲದವನು ವಿದ್ಯೆಯ ಅಂಗಳದಿಂದ ಪೂರ್ತಿಯಾಗಿ ಹೊರಗುಳಿಯಬೇಕಾಗಿರಲಿಲ್ಲ. ಅಚ್ಚಿನ ಯಂತ್ರ ಬಂದು, ಪಠ್ಯಪುಸ್ತಕ ಬಂದು, ಬರೆದು ಉತ್ತರಿಸುವ ಪರೀಕ್ಷೆ ಬಂದ ಮೇಲೆ ವಿದ್ಯೆ ಕಣ್ಣಿನ ಸ್ವತ್ತಾಯಿತು. ಲಕ್ಷಾಂತರ ಜನರಿಗೆ ಬಾಗಿಲು ತೆರೆದ ಅಚ್ಚು ಅಂಧರ ಪಾಲಿಗೆ ಬಾಗಿಲು ಮುಚ್ಚಿತು. ಆ ಬಾಗಿಲು ಮತ್ತೆ ಹೇಗೆ ತೆರೆಯಿತು, ಅದರ ಕೀಲಿ ಯಾರ ಕೈಯಲ್ಲಿತ್ತು ಎಂಬುದನ್ನು ಇಲ್ಲಿ ವಿಚಾರಿಸಬಹುದು.

ಮೊದಲು ತೆರೆದದ್ದು ಬೆರಳಿನ ದಾರಿ. ಫ್ರಾನ್ಸಿನ ಕೂಪ್ವ್ರೇ ಎಂಬ ಊರಿನಲ್ಲಿ 1809ರಲ್ಲಿ ಹುಟ್ಟಿದ ಲೂಯಿ ಬ್ರೈಲ್, ಕುದುರೆಯ ಜೀನು ಹೊಲಿಯುತ್ತಿದ್ದವನ ಮಗ. ತಂದೆಯ ಕಾರ್ಯಾಗಾರದ ಹತಾರ ತಗುಲಿ ಎಳೆತನದಲ್ಲೇ ದೃಷ್ಟಿಯನ್ನು ಕಳೆದುಕೊಂಡ. ಷಾರ್ಲ್ ಬಾರ್ಬಿಯೆ ರೂಪಿಸಿದ್ದ ಹನ್ನೆರಡು ಚುಕ್ಕೆಗಳ ಬರಹವನ್ನು ಈ ಹುಡುಗ ಆರು ಚುಕ್ಕೆಗಳಿಗೆ ಇಳಿಸಿ, 1829ರಲ್ಲಿ ತನ್ನ ಪದ್ಧತಿಯನ್ನು ಪ್ರಕಟಿಸಿದ. ಅಂಧರಿಗೆ ಲಿಪಿ ಕೊಟ್ಟವನು ಸ್ವತಃ ಅಂಧನೆಂಬುದು ನೆನಪಿನಲ್ಲಿಡತಕ್ಕ ಮಾತು. ಈ ಚರಿತ್ರೆಯಲ್ಲಿ ಅದು ಮತ್ತೆ ಬರುತ್ತದೆ.

ನಮ್ಮ ದೇಶದಲ್ಲಿ ಅಂಧರ ಮೊದಲ ಶಾಲೆ 1887ರಲ್ಲಿ ಅಮೃತಸರದಲ್ಲಿ ಆರಂಭವಾಯಿತು. ಪ್ರಾಂತಕ್ಕೊಂದರಂತೆ ಹಲವು ಬ್ರೈಲ್ ಸಂಕೇತಗಳು ಬಳಕೆಯಲ್ಲಿದ್ದವು. 1951ರಲ್ಲಿ ಭಾರತಿ ಬ್ರೈಲ್ ಅಂಗೀಕೃತವಾದ ಮೇಲೆ ಕನ್ನಡದ ‘ಕ’ಕಾರಕ್ಕೂ ತಮಿಳು, ಹಿಂದಿಗಳ ‘ಕ’ಕಾರಕ್ಕೂ ಒಂದೇ ಚುಕ್ಕೆಗಳಾದವು. ಕಣ್ಣಿಗೆ ಬೇರೆಬೇರೆಯಾದ ಲಿಪಿಗಳು ಬೆರಳಿಗೆ ಒಂದಾದವು. ಆದರೆ ಬ್ರೈಲ್ ಪುಸ್ತಕ ಗಾತ್ರದಲ್ಲಿ ದೊಡ್ಡದು. ಅಚ್ಚಿನ ಒಂದು ಸಂಪುಟ ಬ್ರೈಲಿನಲ್ಲಿ ಹಲವು ಸಂಪುಟಗಳಾಗುತ್ತದೆ. ಮುದ್ರಣಾಲಯಗಳು ಕೆಲವೇ. ಹೀಗಾಗಿ ಕಾಲೇಜು ಮೆಟ್ಟಿಲೇರಿದ ಅಂಧ ವಿದ್ಯಾರ್ಥಿ ಓದಿ ಹೇಳುವವರ ಬಿಡುವಿಗಾಗಿ ಕಾಯಬೇಕಾಗಿತ್ತು. ಏನನ್ನು, ಯಾವಾಗ, ಎಷ್ಟು ಓದಬೇಕೆಂಬ ನಿರ್ಧಾರ ಅವನದಾಗಿರಲಿಲ್ಲ.

ಎರಡನೆಯ ದಾರಿಯನ್ನು ಯಂತ್ರ ತೆರೆಯಿತು. 1976ರಲ್ಲಿ ಅಮೆರಿಕದ ರೇ ಕರ್ಜ್‌ವೈಲ್ ಅಚ್ಚಿನ ಪುಟವನ್ನು ಗಟ್ಟಿಯಾಗಿ ಓದುವ ಯಂತ್ರವನ್ನು ಪ್ರದರ್ಶಿಸಿದರು. ಅದರ ಬೆಲೆ ಹತ್ತಾರು ಸಾವಿರ ಡಾಲರು. ಮುಂದೆ ಕಂಪ್ಯೂಟರಿನ ತೆರೆಯ ಮೇಲಿನ ಬರಹವನ್ನು ಓದಿ ಹೇಳುವ ತಂತ್ರಾಂಶಗಳು ಬಂದವು. ಇವುಗಳನ್ನು ಸ್ಕ್ರೀನ್ ರೀಡರ್ ಎನ್ನುತ್ತಾರೆ. ಅಪಘಾತದಲ್ಲಿ ದೃಷ್ಟಿ ಕಳೆದುಕೊಂಡ ಟೆಡ್ ಹೆಂಟರ್ ಅವರ ಸಂಸ್ಥೆ 1989ರಲ್ಲಿ ಹೊರತಂದ ಜಾಸ್ ಅವುಗಳಲ್ಲಿ ಪ್ರಸಿದ್ಧವಾದುದು. ಒಳ್ಳೆಯ ಸಾಧನವೇ ಸರಿ. ಆದರೆ ಬೆಲೆ ಬಹುಕಾಲ ಸಾವಿರ ಡಾಲರಿನ ಆಸುಪಾಸು. ಕಣ್ಣುಳ್ಳವನು ಕಂಪ್ಯೂಟರನ್ನು ಕೊಂಡರೆ ಸಾಕು, ಅದರ ತೆರೆಯನ್ನು ನೋಡಲು ಬೇರೆ ಹಣ ತೆರಬೇಕಿಲ್ಲ. ಅಂಧನು ಕಂಪ್ಯೂಟರನ್ನು ಕೊಂಡ ಮೇಲೆ, ಅದರಲ್ಲಿರುವುದನ್ನು ತಿಳಿಯಲು ಎರಡನೆಯ ಬಾರಿ ತೆರಬೇಕಾಗಿತ್ತು.

ಈ ಅನ್ಯಾಯವನ್ನು ಮನಗಂಡ ಆಸ್ಟ್ರೇಲಿಯದ ಮೈಕೇಲ್ ಕರನ್ ಎಂಬ ಅಂಧ ತರುಣ 2006ರ ಏಪ್ರಿಲ್‌ನಲ್ಲಿ ತಾನೇ ಒಂದು ಸ್ಕ್ರೀನ್ ರೀಡರ್ ಬರೆಯತೊಡಗಿದ. ಜೇಮ್ಸ್ ಟೆ ಎಂಬ ಗೆಳೆಯ ಜೊತೆಗೂಡಿದ, ಅವನೂ ಅಂಧನೇ. ಎನ್‌ವಿಡಿಎ ಎಂಬ ಆ ತಂತ್ರಾಂಶವನ್ನು ಯಾರು ಬೇಕಾದರೂ ಬೆಲೆಯಿಲ್ಲದೆ ಪಡೆಯಬಹುದು. ಪೆನ್ ಡ್ರೈವಿನಲ್ಲಿಟ್ಟು ಜೇಬಿಗೆ ಹಾಕಿಕೊಂಡು ಹೋಗಿ ಕಾಲೇಜಿನ ಕಂಪ್ಯೂಟರಿನಲ್ಲೂ ನಡೆಸಬಹುದು.

ಇಂಗ್ಲಿಷಿನಲ್ಲಿ ಒಂದೇ ಮಾತು ಸೂಚಿಸುವ ಎರಡು ಭಾವಗಳಿಗೆ ಕನ್ನಡದಲ್ಲಿ ಎರಡು ಮಾತುಗಳಿವೆ: ಉಚಿತ ಮತ್ತು ಮುಕ್ತ. ಉಚಿತವಾದುದಕ್ಕೆ ಬೆಲೆಯಿಲ್ಲ, ಮುಕ್ತವಾದುದಕ್ಕೆ ಬೇಲಿಯಿಲ್ಲ. 1983ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಆರಂಭಿಸಿದ ಚಳವಳಿಯ ಹಾದಿಯಲ್ಲಿ ಎನ್‌ವಿಡಿಎ ಮುಕ್ತವೂ ಆಗಿದೆ. ಅದರ ಒಳಬರಹವನ್ನು ಯಾರೂ ನೋಡಬಹುದು, ತಿದ್ದಬಹುದು. ಕನ್ನಡದಂಥ ಭಾಷೆಗೆ ಉಚಿತಕ್ಕಿಂತ ಮುಕ್ತವೇ ಹೆಚ್ಚಿನ ಉಪಕಾರ ಮಾಡಿತು. ವ್ಯಾಪಾರಿಯು ನಮ್ಮ ಭಾಷೆಯಲ್ಲಿ ಲಾಭವನ್ನು ಕಾಣುವವರೆಗೆ ಕಾಯಬೇಕಾಗಲಿಲ್ಲ. ಜೊನಾಥನ್ ಡಡಿಂಗ್ಟನ್ ರೂಪಿಸಿದ ಇಸ್ಪೀಕ್ ಎಂಬ ಧ್ವನಿತಂತ್ರಾಂಶ ಮನುಷ್ಯನ ಕಂಠವನ್ನು ಮುದ್ರಿಸಿಕೊಂಡು ನುಡಿಯುವುದಿಲ್ಲ. ಅಕ್ಷರದಿಂದ ಧ್ವನಿಯನ್ನು ನಿಯಮಗಳ ಮೂಲಕ ಕಟ್ಟುತ್ತದೆ. ನಿಯಮಗಳನ್ನು ಬರೆದುಕೊಟ್ಟರೆ ಹೊಸ ಭಾಷೆ ಸೇರುತ್ತದೆ. ಬಹುಮಟ್ಟಿಗೆ ಬರೆದಂತೆಯೇ ಓದುವ ಕನ್ನಡ ಅದರಲ್ಲಿ ಸೇರಿತು. ದನಿ ಯಾಂತ್ರಿಕ, ಮೊದಲು ಕೇಳಿದವರಿಗೆ ಒರಟು. ಆದರೆ ಪಳಗಿದ ಕಿವಿಗೆ ಅದು ಮಾತಿನ ವೇಗಕ್ಕಿಂತ ಎಷ್ಟೋ ಹೆಚ್ಚು ವೇಗದಲ್ಲಿ ಓದಿ ಹೇಳಬಲ್ಲುದು.

ಇನ್ನೊಂದು ಗುಣವನ್ನು ಸಾಹಿತ್ಯಾಸಕ್ತರು ಗಮನಿಸಬೇಕು. ಮತ್ತೊಬ್ಬರು ಓದುವುದನ್ನು ಕೇಳುವವನಿಗೆ ಶಕಾರ, ಷಕಾರಗಳ ಭೇದ ಹಲವೊಮ್ಮೆ ತಿಳಿಯದು. ಸ್ಕ್ರೀನ್ ರೀಡರಿನಲ್ಲಿ ಬಾಣದ ಕೀಲಿಯನ್ನೊತ್ತಿ ಸಾಲುಸಾಲಾಗಿ, ಪದಪದವಾಗಿ, ಅಕ್ಷರ ಅಕ್ಷರವಾಗಿ ಸಾಗಬಹುದು, ಹಿಂದಕ್ಕೂ ಬರಬಹುದು. ಬ್ರೈಲ್ ಫಲಕವನ್ನು ಜೋಡಿಸಿದರೆ ಅದೇ ಸಾಲು ಬೆರಳಿನ ಕೆಳಗೂ ಮೂಡುತ್ತದೆ. ಇದು ಬರಿಯ ಕೇಳ್ಮೆಯಲ್ಲ, ಓದು.

ಆದರೆ ಕನ್ನಡದ ದಾರಿಯಲ್ಲಿ ನಾವೇ ಇಟ್ಟ ಕಲ್ಲೊಂದಿದೆ. 1991ರಲ್ಲಿ ಬಂದ ಯುನಿಕೋಡ್‌ನಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಸಂಖ್ಯೆಯಿದೆ. ಹಳೆಯ ಅಚ್ಚುಜೋಡಣೆಯ ಫಾಂಟುಗಳು ಹಾಗಲ್ಲ. ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಚಿತ್ರಗಳನ್ನು ಕೂಡಿಸಿದ್ದವು. ಕಣ್ಣಿಗೆ ಅದು ಕನ್ನಡ. ಯಂತ್ರಕ್ಕೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಅಂಥ ಕಡತವನ್ನು ತೆರೆದರೆ ಸ್ಕ್ರೀನ್ ರೀಡರ್ ಬಡಬಡಿಸುತ್ತದೆ. ಪುಟದ ಚಿತ್ರವನ್ನಷ್ಟೇ ತೆಗೆದಿಟ್ಟ ಪುಸ್ತಕವಾದರೆ ಅದು ಮೂಕ. ಇದಕ್ಕೆ ಟೆಸರಾಕ್ಟ್ ಎಂಬ ಮುಕ್ತ ತಂತ್ರಾಂಶ ನೆರವಾಗುತ್ತದೆ. ಚಿತ್ರದಿಂದ ಕನ್ನಡ ಅಕ್ಷರಗಳನ್ನು ಗುರುತಿಸುತ್ತದೆ. ಆದರೆ ಸವೆದ ಅಚ್ಚಿನಲ್ಲಿ ಒತ್ತಕ್ಷರಗಳು ತಪ್ಪುವುದುಂಟು. ತಿದ್ದುವ ಕೈ ಬೇಕು.

ಕಾನೂನು ಈಗ ಅಡ್ಡಿಯಲ್ಲ. 2012ರ ಕೃತಿಸ್ವಾಮ್ಯ ತಿದ್ದುಪಡಿ ಅಂಗವಿಕಲರಿಗಾಗಿ ಪುಸ್ತಕಗಳನ್ನು ರೂಪಾಂತರಿಸಲು ಅವಕಾಶವಿತ್ತಿದೆ. ಇದೇ ಉದ್ದೇಶದ 2013ರ ಮರಾಕೆಷ್ ಒಪ್ಪಂದವನ್ನು 2014ರಲ್ಲಿ ಜಗತ್ತಿನಲ್ಲೇ ಮೊದಲು ಸ್ಥಿರೀಕರಿಸಿದ ದೇಶ ಭಾರತ. ಯಂತ್ರ ಉಚಿತವಾಗಿದೆ, ಕಾನೂನು ಅನುಕೂಲವಾಗಿದೆ. ಕನ್ನಡ ಎಂ.ಎ. ಓದುವ ಅಂಧ ವಿದ್ಯಾರ್ಥಿಯೊಬ್ಬಳು ಪಂಪನನ್ನು ತಾನೇ, ತನಗೆ ಬೇಕಾದ ರಾತ್ರಿ, ತನಗೆ ಬೇಕಾದಷ್ಟು ಬಾರಿ ಓದಬಲ್ಲಳೇ ಎಂಬುದು ಇನ್ನು ಪ್ರಕಾಶಕರ, ವಿಶ್ವವಿದ್ಯಾಲಯಗಳ, ಅಧ್ಯಾಪಕರ ಕೈಯಲ್ಲಿದೆ. ಹೊಸ ಪುಸ್ತಕದ ಕಡತ ಯುನಿಕೋಡ್‌ನಲ್ಲಿರಲಿ. ಪಾಠದ ಚಿತ್ರದೊಡನೆ ಅದನ್ನು ವಿವರಿಸುವ ಎರಡು ಸಾಲುಗಳಿರಲಿ. ಬಹುಶ್ರುತರ ಪರಂಪರೆಯೆಂದು ಹೆಮ್ಮೆಪಡುವ ನಾಡು ಇಷ್ಟನ್ನಾದರೂ ಮಾಡಬೇಕು.