ಬರೆಯುವುದು ಪುಕ್ಕಟೆ, ಪ್ರತಿ ಮಾಡಿಸುವುದಲ್ಲ: ಮುಕ್ತ ಚಿಪ್‌ಗಳ ಚರಿತ್ರೆಯ ಒಂದು ಓದು

ಗುರುಗಳೇ, ಸಹಪಾಠಿಗಳೇ, ಕನ್ನಡ ಎಂ.ಎ. ವಿದ್ಯಾರ್ಥಿನಿಗೆ ಸೆಮಿಕಂಡಕ್ಟರ್ ಉಸಾಬರಿ ಯಾಕೆ ಎಂಬ ಪ್ರಶ್ನೆ ನಿಮ್ಮಲ್ಲಿ ಹಲವರಿಗೆ ಬಂದಿರುತ್ತದೆ. ಅದಕ್ಕೆ ಉತ್ತರ ನಮ್ಮ ಮನೆಯಲ್ಲೇ ಇದೆ.

ನಾನು ಸಾಂಗ್ಲಿ ಹತ್ತಿರದ ಬುಧಗಾಂವದವಳು. ಬೀದಿಯಲ್ಲಿ ಮರಾಠಿ, ಮನೆಯಲ್ಲಿ ಕನ್ನಡ. ಕಳೆದ ದೀಪಾವಳಿ ರಜೆಯಲ್ಲಿ ಎಲೆಕ್ಟ್ರಾನಿಕ್ಸ್ ಓದುತ್ತಿರುವ ನಮ್ಮ ಚಿಕ್ಕಪ್ಪನ ಮಗ ತಾನೇ ಮಾಡಿದ ಒಂದು ಸಣ್ಣ ಚಿಪ್‌ನ ನಕ್ಷೆಯನ್ನು ಲ್ಯಾಪ್‌ಟಾಪ್‌ನಲ್ಲಿ ತೋರಿಸಿದ. ಒಂದರ ಮೇಲೊಂದು ಬಣ್ಣಬಣ್ಣದ ಪಟ್ಟಿಗಳು. ಬಳಸಿದ ತಂತ್ರಾಂಶಕ್ಕೆ ಒಂದು ಪೈಸೆ ಕೊಟ್ಟಿರಲಿಲ್ಲ. "ಹಂಗಾದ್ರ ಇದನ್ನ ಮಾಡಿಸಿ ಕೈಯಾಗ ಹಿಡೀಬಹುದಲ್ಲೋ?" ಅಂದೆ. "ಅಕ್ಕಾ, ಬರಿಯೋದು ಪುಕ್ಕಟ ಐತಿ. ಮಾಡಿಸೋದು ಪುಕ್ಕಟ ಇಲ್ಲ" ಅಂದ.

ಈ ಒಂದು ಮಾತೇ ಇವತ್ತಿನ ಪ್ರಬಂಧದ ವಿಷಯ. ಮುಕ್ತ ಚಿಪ್‌ಗಳ ಚರಿತ್ರೆಯನ್ನು ಸಾಮಾನ್ಯವಾಗಿ ಯಾರು ಏನನ್ನು ಬಿಟ್ಟುಕೊಟ್ಟರು ಎಂಬ ಕ್ರಮದಲ್ಲಿ ಹೇಳುತ್ತಾರೆ. ಪ್ರತಿ ಮಾಡಿಸುವ ಖರ್ಚನ್ನು ಯಾರು ಹೊತ್ತರು ಎಂದು ಕೇಳದೆ ಆ ಚರಿತ್ರೆ ಪೂರ್ತಿಯಾಗುವುದಿಲ್ಲ ಎಂಬುದು ನನ್ನ ವಾದ.

ಈ ಪ್ರಶ್ನೆ ಕನ್ನಡದವರಿಗೆ ಹೊಸದೇನಲ್ಲ. ನಮ್ಮ ಬುಧಗಾಂವ ಪಟವರ್ಧನರ ಮಿರಜ ಕಿರಿಯ ಸಂಸ್ಥಾನದ ರಾಜಧಾನಿಯಾಗಿತ್ತು. ಮಿರಜ ಹಿರಿಯ ಸಂಸ್ಥಾನಕ್ಕೆ ಲಕ್ಷ್ಮೇಶ್ವರ, ಅಂದ್ರೆ ಪಂಪ ಹೆಮ್ಮೆಯಿಂದ ನೆನೆದ ಪುಲಿಗೆರೆ, ಸೇರಿತ್ತು. ಇಂದು ಆ ಲಕ್ಷ್ಮೇಶ್ವರ ಇರುವ ಗದಗ ಜಿಲ್ಲೆಯಲ್ಲೇ ಲಕ್ಕುಂಡಿಯೂ ಇದೆ. ಅಲ್ಲಿನ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದಳೆಂದು ನಾವೆಲ್ಲ ಓದಿದ್ದೇವೆ. ಪೊನ್ನನ ಕಾವ್ಯಕ್ಕೆ ಯಾರೂ ಬೀಗ ಹಾಕಿರಲಿಲ್ಲ. ಯಾರು ಬೇಕಾದರೂ ನಕಲು ಮಾಡಿಕೊಳ್ಳಬಹುದಿತ್ತು. ಆದರೆ ಓಲೆಗರಿ ಹದ ಮಾಡಬೇಕು, ಲಿಪಿಕಾರನಿಗೆ ತಿಂಗಳುಗಟ್ಟಲೆ ಊಟ ಹಾಕಬೇಕು. ಕಾವ್ಯ ಮುಕ್ತ, ಪ್ರತಿಗೆ ಖರ್ಚು. ಆ ಖರ್ಚನ್ನು ಹೊತ್ತವಳು ಅತ್ತಿಮಬ್ಬೆ.

ಈಗ ಚಿಪ್‌ಗೆ ಬರೋಣ. ಸಾಹಿತ್ಯದವರಿಗೆ ಅರ್ಥವಾಗುವ ಹಾಗೆ ಹೇಳಬೇಕಂದ್ರೆ, ಪ್ರೊಸೆಸರ್‌ಗೆ ಮೊದಲು ಒಂದು ವ್ಯಾಕರಣ ಬೇಕು. ಯಾವ ಆದೇಶಕ್ಕೆ ಏನು ಅರ್ಥ ಎಂಬ ಆ ನಿಯಮಗಳ ಗಂಟಿಗೆ ಇನ್‌ಸ್ಟ್ರಕ್ಷನ್ ಸೆಟ್ ಎನ್ನುತ್ತಾರೆ. ಆ ವ್ಯಾಕರಣ ಹಿಡಿದು ಬರೆದ ಕಾವ್ಯವೇ ವಿನ್ಯಾಸ. ಬರೆಯಲು, ತಿದ್ದಲು ತಂತ್ರಾಂಶ ಬೇಕು. ಗೆರೆ ಎಷ್ಟು ಸಪೂರ ಇರಬಹುದು, ಎರಡು ಗೆರೆಗಳ ನಡುವೆ ಎಷ್ಟು ಜಾಗ ಬಿಡಬೇಕು ಎಂದು ಕಾರ್ಖಾನೆ ಕೊಡುವ ನಿಯಮಾವಳಿಗೆ ಪಿಡಿಕೆ ಎಂದು ಹೆಸರು. ಕೊನೆಗೆ ಕಾರ್ಖಾನೆ, ಅಂದ್ರೆ ಫ್ಯಾಬ್. ಈ ಐದೂ ಒಟ್ಟಿಗೆ ಮುಕ್ತವಾಗಲಿಲ್ಲ. ಒಂದೊಂದಾಗಿ, ಬೇರೆ ಬೇರೆ ಕಾಲದಲ್ಲಿ ತೆರೆದುಕೊಂಡವು. ಕೊನೆಯದು ಇನ್ನೂ ತೆರೆದಿಲ್ಲ.

ಮೊದಲು ತೆರೆದದ್ದು ತಂತ್ರಾಂಶ. ಕ್ಯಾಲಿಫೋರ್ನಿಯಾದ ಬರ್ಕಲಿ ವಿಶ್ವವಿದ್ಯಾಲಯದಲ್ಲಿ ಲಾರೆನ್ಸ್ ನೇಗಲ್ ಎಂಬ ವಿದ್ಯಾರ್ಥಿ ತನ್ನ ಗುರು ಡೊನಾಲ್ಡ್ ಪೆಡರ್ಸನ್ ಮಾರ್ಗದರ್ಶನದಲ್ಲಿ ಸ್ಪೈಸ್ ಎಂಬ ಪ್ರೋಗ್ರಾಂ ಬರೆದ. ಸರ್ಕ್ಯೂಟನ್ನು ತಯಾರಿಸುವ ಮುಂಚೆಯೇ ಅದು ಹೇಗೆ ನಡೆದುಕೊಳ್ಳುತ್ತದೆ ಎಂದು ಲೆಕ್ಕ ಹಾಕಿ ತೋರಿಸುವ ಪ್ರೋಗ್ರಾಂ ಅದು. 1973ರಲ್ಲಿ ಹೊರಬಂತು. ಕೇಳಿದವರಿಗೆಲ್ಲ ಕೊಡಬೇಕು ಎಂಬುದು ಪೆಡರ್ಸನ್ ನಿಲುವು. ಪದವಿ ಮುಗಿಸಿದ ವಿದ್ಯಾರ್ಥಿಗಳು ಅದನ್ನು ತಾವು ಸೇರಿದ ಕಂಪನಿಗಳಿಗೂ ಒಯ್ದರು. ಅದರ ವಂಶದ ಎನ್‌ಜಿಸ್ಪೈಸ್ ಇವತ್ತು ಐಐಟಿ ಬಾಂಬೆಯ ಫಾಸಿ ಯೋಜನೆಯ ಇ-ಸಿಮ್ ಒಳಗಿದೆ. ನನ್ನ ತಮ್ಮನ ಲ್ಯಾಪ್‌ಟಾಪ್‌ನಲ್ಲೂ ಇದೆ.

ಆದರೆ ತಂತ್ರಾಂಶದ ಪ್ರತಿಗೆ ಖರ್ಚೇ ಇಲ್ಲ. ಚಿಪ್‌ಗೆ ಇದೆ, ಅದೂ ವಿಚಿತ್ರ ರೀತಿಯಲ್ಲಿ. ಅತ್ತಿಮಬ್ಬೆಗೆ ಒಂದು ಪ್ರತಿಗಿಂತ ಸಾವಿರ ಪ್ರತಿಗೆ ಸಾವಿರ ಪಟ್ಟು ಶ್ರಮ. ಚಿಪ್‌ನಲ್ಲಿ ಹಾಗಲ್ಲ. ಪ್ರತಿ ಪದರಕ್ಕೂ ಮಾಸ್ಕ್ ಎಂಬ ಅಚ್ಚು ಮಾಡಿಸಬೇಕು. ದುಡ್ಡೆಲ್ಲ ಆ ಅಚ್ಚಿಗೇ ಹೋಗುತ್ತದೆ. ಹೀಗಾಗಿ ಮೊದಲ ಪ್ರತಿಯೇ ದುಬಾರಿ, ಆಮೇಲಿನವು ಅಗ್ಗ. ಒಂದೇ ಒಂದು ಚಿಪ್ ಮಾಡಿಸಿ ಕಲಿಯಬೇಕೆನ್ನುವ ವಿದ್ಯಾರ್ಥಿಗೆ ಇದಕ್ಕಿಂತ ಕಷ್ಟದ ಲೆಕ್ಕ ಬೇರೆ ಇಲ್ಲ.

ಇದಕ್ಕೆ ಉಪಾಯ ಕಂಡುಕೊಂಡವರಲ್ಲಿ ಲಿನ್ ಕಾನ್ವೇ ಮುಖ್ಯರು. 1979ರಲ್ಲಿ ಅವರು ಜೆರಾಕ್ಸ್ ಕಂಪನಿಯ ಪಾರ್ಕ್ ಸಂಶೋಧನಾ ಕೇಂದ್ರದಿಂದ, 12 ವಿಶ್ವವಿದ್ಯಾಲಯಗಳ 82 ವಿನ್ಯಾಸಗಳನ್ನು ಅರ್ಪಾನೆಟ್ ಮೂಲಕ ತರಿಸಿಕೊಂಡು, ಒಟ್ಟಿಗೆ ಸೇರಿಸಿ ತಯಾರಿಸಿ ಕೊಟ್ಟರು. ಹಳ್ಳಿಯವರು ಸೇರಿ ಒಂದು ಟೆಂಪೊ ಬಾಡಿಗೆಗೆ ಹಿಡಿದು, ತಲೆಗಿಷ್ಟು ಎಂದು ಹಂಚಿಕೊಂಡು ಸಂತೆಗೆ ಹೋಗ್ತಾರಲ್ಲ, ಹಾಗೆ. ಅಚ್ಚಿನ ಖರ್ಚು ಎಲ್ಲರ ಮೇಲೂ ಹಂಚಿಹೋಯಿತು. 1981ರಲ್ಲಿ ಇದೇ ಕ್ರಮ ಮೋಸಿಸ್ ಎಂಬ ಕಾಯಂ ಸೇವೆಯಾಯಿತು. ಗಮನಿಸಿ, ಅದರ ಹಿಂದೆ ಇದ್ದದ್ದು ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾದ ದುಡ್ಡು.

ವ್ಯಾಕರಣ ವ್ಯಾಪಕವಾಗಿ ತೆರೆದುಕೊಂಡದ್ದು ಈಚೆಗೆ. 2010ರಲ್ಲಿ ಬರ್ಕಲಿಯಲ್ಲೇ ಕ್ರಿಸ್ಟೆ ಅಸಾನೊವಿಚ್ ಮತ್ತು ಅವರ ವಿದ್ಯಾರ್ಥಿಗಳು ರಿಸ್ಕ್-ಫೈವ್ ಆರಂಭಿಸಿದರು. ಡೇವಿಡ್ ಪ್ಯಾಟರ್ಸನ್ ಕೂಡ ಜೊತೆಗಿದ್ದರು. ಯಾರ ಅಪ್ಪಣೆಯೂ ಬೇಡ, ಈ ವ್ಯಾಕರಣ ಹಿಡಿದು ಯಾರೂ ಪ್ರೊಸೆಸರ್ ಬರೆಯಬಹುದು. ಇಲ್ಲೊಂದು ಎಚ್ಚರಿಕೆ ಬೇಕು. ವ್ಯಾಕರಣ ಮುಕ್ತವಾದರೆ ಕಾವ್ಯವೂ ಮುಕ್ತ ಎಂದಲ್ಲ. ರಿಸ್ಕ್-ಫೈವ್ ಬಳಸಿ ಗುಟ್ಟಾದ ಚಿಪ್ ಮಾಡಿ ಮಾರುವುದಕ್ಕೂ ಅಡ್ಡಿಯಿಲ್ಲ.

ನಮ್ಮ ದೇಶದಲ್ಲಿ ಕಾವ್ಯವನ್ನೂ ತೆರೆದಿಟ್ಟವರು ಐಐಟಿ ಮದ್ರಾಸಿನ ಶಕ್ತಿ ಯೋಜನೆಯವರು. 2014ರ ಸುಮಾರಿಗೆ ವಿ. ಕಾಮಕೋಟಿ ಅವರ ತಂಡ ಆರಂಭಿಸಿದ ಈ ಪ್ರೊಸೆಸರ್‌ಗಳ ಕೋಡ್ ಬಿಎಸ್‌ಡಿ ಪರವಾನಗಿಯಲ್ಲಿ ಎಲ್ಲರಿಗೂ ಲಭ್ಯ. ತೆಗೆದುಕೊಳ್ಳಬಹುದು, ತಿದ್ದಬಹುದು, ಮಾರಬಹುದು. ತಿದ್ದಿದ್ದನ್ನು ಮರಳಿ ಕೊಡಲೇಬೇಕೆಂಬ ಕಟ್ಟಳೆ ಇಲ್ಲ. ಹಸ್ತಪ್ರತಿಯನ್ನು ಒಯ್ದ ಲಿಪಿಕಾರ ತನ್ನ ಪಾಠಾಂತರವನ್ನು ತನ್ನಲ್ಲೇ ಇಟ್ಟುಕೊಂಡ ಹಾಗೆ.

ಈ ತಂಡಕ್ಕೂ ಪ್ರತಿಯ ಪ್ರಶ್ನೆ ಬಂತು. 2018ರಲ್ಲಿ ಒಂದು ಚಿಪ್ ಅಮೆರಿಕದ ಒರೆಗಾನ್‌ನಲ್ಲಿ, ಇಂಟೆಲ್ ಫ್ಯಾಬ್‌ನಲ್ಲಿ, 22 ನ್ಯಾನೊಮೀಟರ್ ತಂತ್ರದಲ್ಲಿ ತಯಾರಾಯಿತು. ಇನ್ನೊಂದು ನಮ್ಮದೇ ಎಸ್‌ಸಿಎಲ್‌ನಲ್ಲಿ, 180 ನ್ಯಾನೊಮೀಟರ್ ತಂತ್ರದಲ್ಲಿ. ಚಂಡೀಗಢದ ಪಕ್ಕದ ಮೊಹಾಲಿಯಲ್ಲಿರುವ ಎಸ್‌ಸಿಎಲ್ 1989ರಲ್ಲಿ ಬೆಂಕಿಗೆ ಆಹುತಿಯಾಗಿ ಮತ್ತೆ ಎದ್ದ ಸರಕಾರಿ ಫ್ಯಾಬ್. ಶಕ್ತಿಯನ್ನು ಆಧರಿಸಿ ಇಸ್ರೊ ಜೊತೆ ಸೇರಿ ಮಾಡಿದ ಐರಿಸ್ ಚಿಪ್ ಕೂಡ ಅಲ್ಲೇ ತಯಾರಾಗಿ, ಕರ್ನಾಟಕದಲ್ಲಿ ಪ್ಯಾಕೇಜ್ ಆಗಿ, 2025ರ ಫೆಬ್ರವರಿಯಲ್ಲಿ ಪ್ರಕಟವಾಯಿತು. ಕೋಡ್ ಒಂದೇ ಪರಂಪರೆಯದು, ಪ್ರತಿ ಮಾಡಿಸಿದ ಕೈಗಳು ಬೇರೆ ಬೇರೆ.

ಪಿಡಿಕೆ ತೆರೆದದ್ದು 2020ರಲ್ಲಿ. ಗೂಗಲ್ ಮತ್ತು ಸ್ಕೈವಾಟರ್ ಸೇರಿ 130 ನ್ಯಾನೊಮೀಟರ್ ತಂತ್ರದ ನಿಯಮಾವಳಿಯನ್ನು ಸಾರ್ವಜನಿಕಗೊಳಿಸಿದವು. ಎಫ್ಯಾಬ್ಲೆಸ್ ಎಂಬ ಕಂಪನಿ ಮುಕ್ತ ವಿನ್ಯಾಸಗಳನ್ನು ಒಟ್ಟುಗೂಡಿಸಿ ಫ್ಯಾಬ್‌ಗೆ ಕಳಿಸತೊಡಗಿತು, ಗೂಗಲ್ ಖರ್ಚು ಹೊತ್ತಿತು. ಜಗತ್ತಿನ ಎಷ್ಟೋ ವಿದ್ಯಾರ್ಥಿಗಳು ಮೊದಲ ಸಲ ತಮ್ಮ ಚಿಪ್ಪನ್ನು ಕೈಯಲ್ಲಿ ಹಿಡಿದದ್ದು ಹೀಗೆ. 2025ರ ಆರಂಭದಲ್ಲಿ ಎಫ್ಯಾಬ್ಲೆಸ್ ದುಡ್ಡಿಲ್ಲದೆ ಮುಚ್ಚಿತು. ಪಿಡಿಕೆಯ ಒಂದು ಸಾಲೂ ಅಳಿಸಿಹೋಗಲಿಲ್ಲ. ಓದಬಹುದು, ಬರೆಯಬಹುದು. ಆದರೆ ಫ್ಯಾಬ್‌ಗೆ ಹೋಗುತ್ತಿದ್ದ ಆ ದಾರಿ ಕಡಿಯಿತು. ದಾನಿ ಹಿಂದೆ ಸರಿದರೆ ಮುಕ್ತತೆ ಎಷ್ಟು ಉಳಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ನನಗೆ ಸಿಕ್ಕಿಲ್ಲ.

ನಮ್ಮಲ್ಲಿ ಈಗ ಆ ಜಾಗದಲ್ಲಿ ಇರುವುದು ಕೇಂದ್ರ ಸರಕಾರದ ಚಿಪ್ಸ್ ಟು ಸ್ಟಾರ್ಟ್‌ಅಪ್ ಯೋಜನೆ. ಬೆಂಗಳೂರಿನ ಸಿ-ಡ್ಯಾಕ್‌ನಲ್ಲಿರುವ ಚಿಪ್‌ಇನ್ ಕೇಂದ್ರ ಕಾಲೇಜುಗಳ ವಿನ್ಯಾಸಗಳನ್ನು ಸೇರಿಸಿ ಎಸ್‌ಸಿಎಲ್‌ಗೆ ಕಳಿಸುತ್ತದೆ. ಒಳ್ಳೆಯ ಕೆಲಸ. ಆದರೆ ಅಲ್ಲಿ ಕಾಲೇಜುಗಳಿಗೆ ಹಂಚುವ ತಂತ್ರಾಂಶ ಬಹುಪಾಲು ದೊಡ್ಡ ಕಂಪನಿಗಳ ಪರವಾನಗಿಯದು. ಅಂದ್ರೆ ಒಂದು ಕಡೆ ಬರಹ ಮುಕ್ತವಾಗಿದ್ದು ಪ್ರತಿಗೆ ದಾರಿ ಖಚಿತವಿಲ್ಲ, ಇನ್ನೊಂದು ಕಡೆ ಪ್ರತಿಗೆ ದಾರಿಯಿದ್ದು ಲೇಖನಿಗೆ ಬೀಗ. ಎರಡೂ ಒಂದೇ ಕಡೆ ಸೇರಬೇಕು.

ಭಾಷೆಯ ಮಾತು ಹೇಳದೆ ಮುಗಿಸಲಾರೆ. ಅಂದು ರಾತ್ರಿ ತಮ್ಮ ನನಗೆ ಇದನ್ನೆಲ್ಲ ಅರ್ಧ ಮರಾಠಿ, ಅರ್ಧ ಕನ್ನಡದಲ್ಲಿ ತಿಳಿಸಿ ಹೇಳಿದ. ಅವನು ಓದಿದ ಕೈಪಿಡಿಗಳೆಲ್ಲ ಇಂಗ್ಲಿಷಿನವು. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆ ಮುಕ್ತ ತಂತ್ರಾಂಶಗಳ ಸುಮಾರು ಹತ್ತು ಹತ್ತು ನಿಮಿಷದ ಪಾಠಗಳಿಗೆ ಕನ್ನಡ, ಮರಾಠಿ ದನಿಯನ್ನೂ ಕೊಡಿಸುತ್ತಿದೆ. ಇದೂ ಪ್ರತಿ ಮಾಡಿಸುವ ಕೆಲಸವೇ. ಇದಕ್ಕೆ ಫ್ಯಾಬ್ ಬೇಡ, ಮಾಸ್ಕ್ ಬೇಡ. ಕನ್ನಡ ಬಲ್ಲವರು ಬೇಕು. ಇಷ್ಟನ್ನು ನಮ್ಮ ವಿಭಾಗದವರೂ ಮಾಡಬಹುದು ಎಂಬುದು ನನ್ನ ನಮ್ರ ಸೂಚನೆ.

ತಮ್ಮನ ನಕ್ಷೆ ಇನ್ನೂ ಲ್ಯಾಪ್‌ಟಾಪ್‌ನಲ್ಲೇ ಇದೆ. ಅವನ ಕೋಡ್ ಯಾರು ಬೇಕಾದರೂ ನೋಡಬಹುದು, ಅವನೇ ಹಾಗೆ ಇಟ್ಟಿದ್ದಾನೆ. ಮೊದಲ ಪ್ರತಿ ಮಾಡಿಸುವವರು ಸಿಕ್ಕಿಲ್ಲ.