ಗೇರು ಯಾವ ಕಾಲಿಗೆ?

ಮೋಟಾರು ಸೈಕಲ್ಲನ್ನು ಹೊಸದಾಗಿ ಕಲಿಯುವವರನ್ನು ನೀವು ಬೆಳಗಿನ ಹೊತ್ತು ಯಾವುದಾದರೂ ಮೈದಾನದಲ್ಲಿ ನೋಡಿರಬಹುದು. ಬಂಡಿ ಒಮ್ಮೆ ಕಪ್ಪೆಯಂತೆ ಕುಪ್ಪಳಿಸುತ್ತದೆ. ಮರುಕ್ಷಣವೇ ಉಸಿರು ಕಟ್ಟಿದಂತೆ ನಿಂತುಬಿಡುತ್ತದೆ. ಹಿಂದೆ ಓಡಿಬರುವ ಅಣ್ಣನೋ ಸ್ನೇಹಿತನೋ "ಕ್ಲಚ್ಚು, ಕ್ಲಚ್ಚು!" ಎಂದು ಕೂಗುತ್ತಾನೆ. ನೋಡಿ ನಗುವುದು ಸುಲಭ. ಆದರೆ ಕಲಿಯುವವನ ಪಾಡನ್ನು ಸ್ವಲ್ಪ ಎಣಿಸಿರಿ. ಬಲಗೈಗೆ ಎಂಜಿನ್ನಿನ ವೇಗ ಮತ್ತು ಮುಂದಿನ ಬ್ರೇಕು, ಎಡಗೈಗೆ ಕ್ಲಚ್ಚು, ಒಂದು ಕಾಲಿಗೆ ಗೇರು, ಇನ್ನೊಂದಕ್ಕೆ ಹಿಂದಿನ ಬ್ರೇಕು. ಮೃದಂಗದವನಿಗಾದರೂ ಎರಡು ಕೈಗಳ ಲೆಕ್ಕ. ಇವನಿಗೆ ನಾಲ್ಕು ಅಂಗಗಳ ಲೆಕ್ಕ, ಜೊತೆಗೆ ಎದುರಿಗೆ ಬರುವ ಹಸುವಿನ ಲೆಕ್ಕ!

ಈ ಕೆಲಸಗಳನ್ನು ಹೀಗೆ ಹಂಚಿಕೊಟ್ಟವರು ಯಾರು? ಮೊದಲಿನಿಂದಲೂ ಇದು ಹೀಗೆಯೇ ಇದ್ದಿತೆ? ಇಲ್ಲ. ಗೇರು ಯಾವ ಅಂಗದ ಪಾಲಿಗೆ ಬರಬೇಕೆಂಬುದು ಇತ್ಯರ್ಥವಾಗಲು ಸುಮಾರು ಎಪ್ಪತ್ತು ವರ್ಷಗಳೇ ಹಿಡಿದವು. ಆ ವ್ಯಾಜ್ಯದ ಒಂದು ಭಾಗ ನಮ್ಮ ಮೈಸೂರಿನ ಬೀದಿಗಳಲ್ಲಿಯೂ ನಡೆಯಿತು.

ಮೊದಮೊದಲ ಮೋಟಾರು ಸೈಕಲ್ಲುಗಳಲ್ಲಿ ಹೆಚ್ಚಿನವಕ್ಕೆ ಗೇರೇ ಇರಲಿಲ್ಲ. ಎಂಜಿನ್ನಿನಿಂದ ಹಿಂದಿನ ಚಕ್ರಕ್ಕೆ ನೇರವಾಗಿ ಒಂದು ಪಟ್ಟಿ, ಅಷ್ಟೆ. ಬಂಡಿಯನ್ನು ತಳ್ಳಿಕೊಂಡು ಓಡಬೇಕು. ಎಂಜಿನ್ನು ಹತ್ತಿಕೊಂಡೊಡನೆ ಹಾರಿ ಕುಳಿತುಕೊಳ್ಳಬೇಕು. ನಿಲ್ಲಿಸುವುದೆಂದರೆ ಎಂಜಿನ್ನನ್ನೇ ಆರಿಸುವುದು. ಸಮನೆಲದಲ್ಲಿ ಇದರಿಂದ ತೊಂದರೆಯಿಲ್ಲ. ದಿಣ್ಣೆ ಎದುರಾದಾಗ ಕಷ್ಟ. ಪೆಟ್ರೋಲು ಎಂಜಿನ್ನಿನ ಸ್ವಭಾವವೇ ಹಾಗೆ. ವೇಗವಾಗಿ ತಿರುಗಿದರೆ ಅದಕ್ಕೆ ಬಲ, ನಿಧಾನವಾದರೆ ಸುಸ್ತು. ದಿಣ್ಣೆಯಲ್ಲಿ ಚಕ್ರ ನಿಧಾನವಾದರೂ ಎಂಜಿನ್ನು ವೇಗವಾಗಿಯೇ ತಿರುಗುತ್ತಿರುವಂತೆ ಮಾಡುವ ಉಪಾಯವೇ ಗೇರು. ಅದು ಇಲ್ಲದ ಸವಾರನು ಸೈಕಲ್ಲಿನಂತೆ ಪೆಡಲು ತುಳಿದು ಎಂಜಿನ್ನಿಗೆ ನೆರವಾಗಬೇಕಾಗಿತ್ತು. ಬ್ರಿಟನ್ನಿನ ಐಲ್ ಆಫ್ ಮ್ಯಾನ್ ದ್ವೀಪದಲ್ಲಿ 1907ರಲ್ಲಿ ಆರಂಭವಾದ ಪ್ರಸಿದ್ಧ ಪಂದ್ಯದಲ್ಲಿ ಮೊದಲ ವರ್ಷ ಪೆಡಲುಗಳಿಗೆ ಅವಕಾಶವಿದ್ದಿತು. ಮರುವರ್ಷ ಅದು ತಪ್ಪಿತು.

ಆ ಪಂದ್ಯವನ್ನು 1911ರಲ್ಲಿ ದ್ವೀಪದ ಬೆಟ್ಟವನ್ನು ಹತ್ತಿ ಇಳಿಯುವ, ಸುತ್ತಿಗೆ ಸುಮಾರು 37 ಮೈಲಿಗಳ ದಾರಿಗೆ ಒಯ್ದರು. ಗೇರಿಲ್ಲದ ಯಂತ್ರಗಳಿಗೆ ಅದು ಸತ್ವಪರೀಕ್ಷೆ. ದೊಡ್ಡ ಯಂತ್ರಗಳ ಸ್ಪರ್ಧೆಯಲ್ಲಿ ಮೊದಲ ಮೂರು ಸ್ಥಾನಗಳನ್ನೂ ಬಾಚಿಕೊಂಡದ್ದು ಅಮೆರಿಕದಿಂದ ಬಂದ, ಎರಡು ಗೇರುಗಳೂ ಸರಪಳಿಯೂ ಇದ್ದ 'ಇಂಡಿಯನ್' ಎಂಬ ಮೋಟಾರು ಸೈಕಲ್ಲು. ಹೆಸರು ಕೇಳಿ ನಾವು ಹಿಗ್ಗಬೇಕಾಗಿಲ್ಲ. ಅದು ಅಮೆರಿಕದ ಮೂಲನಿವಾಸಿಗಳ ನೆನಪಿನ ಹೆಸರು.

ಗೇರು ಬಂದಿತು, ಅದನ್ನು ಬದಲಾಯಿಸುವ ಸನ್ನೆ ಮಾತ್ರ ಬಹುಕಾಲ ಪೆಟ್ರೋಲು ಟ್ಯಾಂಕಿನ ಪಕ್ಕದಲ್ಲಿಯೇ ಇದ್ದಿತು. ಬ್ರಿಟಿಷ್ ಯಂತ್ರಗಳಲ್ಲಿ ಸಾಮಾನ್ಯವಾಗಿ ಬಲಪಕ್ಕದಲ್ಲಿ. ಎಂದರೆ ದಿಣ್ಣೆಯ ಮೇಲೋ ತಿರುವಿನಲ್ಲೋ, ಎರಡು ಕೈಗಳೂ ಹಿಡಿಯ ಮೇಲೆ ಭದ್ರವಾಗಿರಬೇಕಾದ ಹೊತ್ತಿನಲ್ಲಿಯೇ, ಸವಾರನು ಒಂದು ಕೈ ಬಿಡಬೇಕು! ಕೆಲವರು ಕಾಲಿನಿಂದ ಗೇರು ಹಾಕುವ ಏರ್ಪಾಡುಗಳನ್ನು ಮಾಡಿದ್ದರು. ಆದರೆ ಬೂಟುಗಾಲಿಗೆ ಬೆರಳಿನ ನಾಜೂಕು ಎಲ್ಲಿಂದ ಬರಬೇಕು? ಎರಡನೆಯದಕ್ಕೆಂದು ಒತ್ತಿದರೆ ಸನ್ನೆ ಮೂರನೆಯದಕ್ಕೆ ಜಾರುತ್ತಿತ್ತು.

ಇದನ್ನು ಬಿಡಿಸಿದವನು ಬರ್ಮಿಂಗ್‌ಹ್ಯಾಮಿನ ವೆಲೊಸೆಟ್ ಕಾರ್ಖಾನೆಯ ಹೆರಾಲ್ಡ್ ವಿಲ್ಲಿಸ್, ತಾನೇ ಪಂದ್ಯಗಳಲ್ಲಿ ಓಡಿಸುತ್ತಿದ್ದ ಎಂಜಿನಿಯರು. 1928ರ ಸುಮಾರಿಗೆ ಅವನು ರೂಪಿಸಿದ ಏರ್ಪಾಡಿನಲ್ಲಿ ಕಾಲು ಎಷ್ಟೇ ಜೋರಾಗಿ ಒತ್ತಲಿ, ಒಂದು ಒತ್ತಿಗೆ ಒಂದೇ ಗೇರು. ಒತ್ತಿದ ಸನ್ನೆ ತಾನಾಗಿಯೇ ಮೊದಲಿನ ಜಾಗಕ್ಕೆ ಮರಳಿ ನಿಲ್ಲುತ್ತದೆ. ಇಂದು ನಿಮ್ಮ ಪಾದದಡಿಯಲ್ಲಿ 'ಟಕ್' ಎನ್ನುವುದು ಅದರ ಸಂತತಿಯೇ. ಸುರಕ್ಷತೆಯ ದೃಷ್ಟಿಯಿಂದ ಇದಕ್ಕೆ ಸಿಗಬೇಕಾದಷ್ಟು ಕೀರ್ತಿ ಸಿಕ್ಕಿಲ್ಲವೆಂದು ನನ್ನ ಭಾವನೆ. ಕೈಗಳೆರಡೂ ಹಿಡಿಯ ಮೇಲೆಯೇ ಉಳಿದುವಲ್ಲ!

ಆದರೆ ಯಾವ ಕಾಲು? ಇದನ್ನು ಯಾರೂ ಕೂತು ತೀರ್ಮಾನಿಸಲಿಲ್ಲ. ಬ್ರಿಟಿಷ್ ಯಂತ್ರಗಳಲ್ಲಿ ಸರಪಳಿಗಳು ಸಾಮಾನ್ಯವಾಗಿ ಎಡಕ್ಕಿದ್ದುವು. ಖಾಲಿಯಿದ್ದ ಬಲಪಕ್ಕಕ್ಕೆ ಗೇರು ಬಂದಿತು. ಬೇರೆ ದೇಶಗಳ ಹಲವು ಯಂತ್ರಗಳಲ್ಲಿ ಅದು ಎಡಕ್ಕೆ ಹೋಯಿತು.

ಇನ್ನು ನಮ್ಮ ಊರಿಗೆ ಬರೋಣ. ಮದರಾಸಿನಲ್ಲಿ 1955ರಲ್ಲಿ ಎನ್‌ಫೀಲ್ಡ್ ಕಂಪನಿ ಸ್ಥಾಪನೆಯಾಗಿ ಬುಲೆಟ್ಟುಗಳು ಇಲ್ಲಿಯೇ ಸಿದ್ಧವಾಗತೊಡಗಿದವು. ಬ್ರಿಟಿಷ್ ವಂಶದ ಅದಕ್ಕೆ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಮೊದಲನೆಯ ಗೇರಿಗೆ ಸನ್ನೆಯನ್ನು ಮೇಲಕ್ಕೆತ್ತಬೇಕು, ಉಳಿದ ಮೂರಕ್ಕೆ ಕೆಳಕ್ಕೆ ಒತ್ತಬೇಕು. 1961ರಲ್ಲಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಜಾವಾಗಳು ಹೊರಬಂದವು. ಚೆಕೊಸ್ಲೊವಾಕಿಯದ ವಂಶ, ಗೇರು ಎಡಗಾಲಿಗೆ, ಬ್ರೇಕು ಬಲಗಾಲಿಗೆ. ಆ ಗೇರಿನ ಸನ್ನೆಯನ್ನೇ ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಎಂಜಿನ್ನನ್ನು ಒದ್ದು ಎಬ್ಬಿಸುವ ಕಿಕ್ಕರು. ಇನ್ನೂ ಒಂದು ಚಮತ್ಕಾರವೆಂದರೆ, ಸನ್ನೆಯನ್ನು ಕಾಲು ಅಲುಗಿಸಿದೊಡನೆ ಕ್ಲಚ್ಚು ತಾನೇ ಬಿಡುತ್ತಿತ್ತು. ನುರಿತವರು ಎಡಗೈಯನ್ನು ಮುಟ್ಟದೆಯೇ ಗೇರು ಬದಲಾಯಿಸುತ್ತಿದ್ದರು.

ಒಂದೇ ಬೀದಿಯಲ್ಲಿ ಎರಡು ಯಂತ್ರಗಳು, ಕಾಲುಗಳ ಕೆಲಸ ಅದಲುಬದಲು. ಈಗ ಅಪಾಯವನ್ನು ನೋಡಿರಿ. ಜಾವಾದಲ್ಲಿ ಕಲಿತವನು ಬುಲೆಟ್ ಹತ್ತಿದ್ದಾನೆ. ಮಗುವೊಂದು ಅಡ್ಡ ಬರುತ್ತದೆ. ಬ್ರೇಕೆಂದು ಬಲಗಾಲನ್ನು ಬಲವಾಗಿ ಒತ್ತುತ್ತಾನೆ. ಬೀಳುವುದು ಮುಂದಿನ ಗೇರು! ಬುಲೆಟ್ಟಿನವನು ಜಾವಾ ಹತ್ತಿ ಎಡಗಾಲನ್ನು ಒತ್ತಿದರೆ ಕ್ಲಚ್ಚು ಬಿಟ್ಟು, ಎಂಜಿನ್ನಿನ ಹಿಡಿತವೂ ತಪ್ಪಿ, ಬಂಡಿ ಸರಾಗವಾಗಿ ಮುಂದೆ ಓಡುತ್ತದೆ. ತಲೆಗೆ ಗೊತ್ತಿದ್ದರೂ ಪಾದಕ್ಕೆ ಗೊತ್ತಿರುವುದಿಲ್ಲ. ಎಡಗಾಲಿನ ಗೇರಿನಲ್ಲಿ ಪಳಗಿದ ನಾನು ಸ್ನೇಹಿತರೊಬ್ಬರ ಬಂಡಿಯನ್ನು ಕೇಳಿ ಪಡೆದು, ಮೊದಲ ತಿರುವಿನಲ್ಲಿಯೇ ಅವರ ಮನೆಯ ಬೇಲಿಯೊಳಕ್ಕೆ ಹೋದದ್ದುಂಟು. ಬೇಲಿ ಮುಳ್ಳಿನದು. ಹೆಚ್ಚು ಹೇಳುವುದು ಬೇಡ.

ಈ ಗೊಂದಲವನ್ನು ಮುಗಿಸಿದ್ದು ಅಮೆರಿಕದ ಕಾನೂನು. 1974ರ ಸೆಪ್ಟೆಂಬರ್ 1ರಿಂದ ಅಲ್ಲಿಗಾಗಿ ತಯಾರಾಗುವ ಮೋಟಾರು ಸೈಕಲ್ಲುಗಳಲ್ಲಿ ಗೇರು ಎಡಗಾಲಿಗೂ ಹಿಂದಿನ ಬ್ರೇಕು ಬಲಗಾಲಿಗೂ ಇರತಕ್ಕದ್ದೆಂದು ಗೊತ್ತುಮಾಡಿದರು. ಅಷ್ಟು ದೊಡ್ಡ ಮಾರುಕಟ್ಟೆಯನ್ನು ಬಿಡುವವರಾರು? ಬ್ರಿಟಿಷ್ ಕಾರ್ಖಾನೆಗಳೂ ಬಲಗಾಲನ್ನು ಬಿಟ್ಟುಕೊಟ್ಟವು. ನಮ್ಮ ಬುಲೆಟ್ ಮಾತ್ರ ಈ ಶತಮಾನದ ಮೊದಲ ವರ್ಷಗಳವರೆಗೂ ಹಳೆಯ ಪದ್ಧತಿಯ ಯಂತ್ರಗಳನ್ನು ಕೊಡುತ್ತಲೇ ಇದ್ದಿತು. ಮೈಸೂರಿನ ಕಾರ್ಖಾನೆ 1973ರಿಂದ ಯೆಜ್ಡಿ ಎಂಬ ಹೆಸರಿನಲ್ಲಿ ಮುಂದುವರಿದು 1996ರಲ್ಲಿ ಮುಚ್ಚಿತು.

ಕಾಲು ಗೊತ್ತಾದರೂ ದಿಕ್ಕು ಗೊತ್ತಾಗಲಿಲ್ಲ. ಅನೇಕ ಬಂಡಿಗಳಲ್ಲಿ ಒಂದನೆಯದು ಕೆಳಕ್ಕೆ, ಉಳಿದವು ಮೇಲಕ್ಕೆ. 1994ರಲ್ಲಿ ಬಂದು ಮನೆಮಾತಾದ ಸ್ಪ್ಲೆಂಡರಿನಲ್ಲಿ ನಾಲ್ಕೂ ಗೇರುಗಳು ಕೆಳಕ್ಕೆ. ಮನೆಯಲ್ಲಿ ಎರಡು ಬಂಡಿಗಳಿದ್ದರೆ, ಗೇರು ಇಳಿಸಲು ಹೋಗಿ ಏರಿಸುವುದು ಇಂದಿಗೂ ತಪ್ಪಿಲ್ಲ.

ಚಾಮುಂಡಿ ಬೆಟ್ಟವನ್ನು ಇಳಿಯುವಾಗ ಇದರ ಬೆಲೆ ತಿಳಿಯುತ್ತದೆ. ಬೆಟ್ಟ ಹತ್ತಲು ಯಾವ ಗೇರು ಬೇಕಾಯಿತೋ ಇಳಿಯಲೂ ಬಹುಮಟ್ಟಿಗೆ ಅದೇ ಬೇಕು. ಇಳಿಜಾರು ಬರುವ ಮುನ್ನವೇ ಅದನ್ನು ಹಾಕಿರಬೇಕು. ಪೆಟ್ರೋಲು ಉಳಿಸುವೆನೆಂದು ಗೇರು ತೆಗೆದು ಜಾರಿಬಿಡುವುದು ಇಡೀ ಭಾರವನ್ನು ಬ್ರೇಕಿನ ತಲೆಗೆ ಕಟ್ಟಿದಂತೆ. ಹಳೆಯ ಜಾವಾ ಯೆಜ್ಡಿಗಳಲ್ಲಿ ಇನ್ನೊಂದು ಸೂಕ್ಷ್ಮವಿದೆ. ಅವುಗಳ ಎಂಜಿನ್ನಿಗೆ ಎಣ್ಣೆ ಸಿಗುವುದು ಪೆಟ್ರೋಲಿನ ಜೊತೆಯಲ್ಲಿ ಬೆರೆತು. ಉದ್ದವಾದ ಇಳಿಜಾರಿನಲ್ಲಿ ಆಕ್ಸಿಲರೇಟರನ್ನು ಪೂರ್ತಿ ಮುಚ್ಚಿಕೊಂಡೇ ಬಂದರೆ ಎಂಜಿನ್ನಿನ ಒಳಗೆ ಎಣ್ಣೆ ಸಾಲದೆ ಹೋಗುತ್ತದೆ. ಆಗಾಗ ಸ್ವಲ್ಪ ತಿರುವಿ ಕೊಡಬೇಕು.

ಹೊಸಬರು ಹಳೆಯ ಬುಲೆಟ್ಟನ್ನೋ ಅಪರಿಚಿತ ಬಂಡಿಯನ್ನೋ ಹತ್ತುವ ಪ್ರಸಂಗ ಬಂದರೆ ಎಂಜಿನ್ನನ್ನು ಎಬ್ಬಿಸುವ ಮೊದಲು ಎರಡು ನಿಮಿಷ ಸುಮ್ಮನೆ ಕುಳಿತುಕೊಳ್ಳಿರಿ. ನಿಂತ ಬಂಡಿಯನ್ನು ಕಾಲಿನಿಂದ ತುಸು ಮುಂದಕ್ಕೆ ನೂಕಿ, ಬ್ರೇಕಿನ ಕಾಲನ್ನು ಒತ್ತಿ ನಿಲ್ಲಿಸಿ. ಹತ್ತು ಸಲ ಹೀಗೆ ಮಾಡಿರಿ. ಬಂಡಿಯ ಒಡೆಯರು ನಕ್ಕಾರು, ನಗಲಿ. ಅವರ ಮನೆಯ ಬೇಲಿ ಉಳಿಯುತ್ತದೆ.